ತಿರುಪು ಮುಚ್ಚಳದ ಹಿಂದಿನ ಲೇತ್

ಉಪ್ಪಿನಕಾಯಿ ಬಾಟಲಿಯ ತಗಡಿನ ಮುಚ್ಚಳ ಬಿಗಿದುಕೊಂಡರೆ ಗೃಹಿಣಿಯರು ಅದರ ಮೇಲಷ್ಟೇ ಬಿಸಿನೀರು ಬಿಡುತ್ತಾರೆ. ಗಾಜಿಗಿಂತ ತಗಡು ಹೆಚ್ಚು ಹಿಗ್ಗುತ್ತದೆ. ತಿರುಪಿನಲ್ಲಿ ಗಟ್ಟಿಯಾದ ಉಪ್ಪೂ ಕರಗುತ್ತದೆ. ಜಾಮ್ ಬಾಟಲಿಯ ಕಥೆ ಬೇರೆ. ಬಿಸಿಯಾಗಿ ತುಂಬಿದ್ದು ತಣಿದಾಗ ಒಳಗಿನ ಒತ್ತಡ ಇಳಿದು, ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಅಂಚನ್ನು ಚಮಚದಿಂದ ಮೆಲ್ಲಗೆ ಮೀಟಿದರೆ ಗಾಳಿ ಒಳನುಗ್ಗಿ ಬಿಗಿ ಸಡಿಲುತ್ತದೆ.

ಅಜ್ಜಿಯರ ಪಿಂಗಾಣಿ ಜಾಡಿಗೆ ಈ ತಾಪತ್ರಯವಿರಲಿಲ್ಲ. ಮುಚ್ಚಳವಿಟ್ಟು ಬಟ್ಟೆ ಕಟ್ಟಿದರೆ ಮುಗಿಯಿತು. ತಿರುಪು ಮುಚ್ಚಳದ ಗಾಜಿನ ಜಾಡಿಗೆ ಅಮೆರಿಕದ ತಗಡುಗೆಲಸಗಾರ ಜಾನ್ ಮೇಸನ್ 1858ರಲ್ಲಿ ಪೇಟೆಂಟ್ ಪಡೆದ.

ಒಂದೇ ಅಳತೆಯ ತಿರುಪು ಸಾಧ್ಯವಾದದ್ದು ಲೇತ್ ಯಂತ್ರದಿಂದ. ಲಂಡನ್ನಿನ ಹೆನ್ರಿ ಮಾಡ್ಸ್‌ಲೆ 1800ರ ಸುಮಾರಿಗೆ ಅದಕ್ಕೆ ಕರಾರುವಾಕ್ಕಾದ ರೂಪ ಕೊಟ್ಟ. ಮುಚ್ಚಳವನ್ನು ಒತ್ತುವ ಅಚ್ಚು, ಉರುಳೆಗಳು ತಯಾರಾಗುವುದು ಇಂಥ ಯಂತ್ರಗಳಲ್ಲೇ.

ದಾವಣಗೆರೆಯ ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನೇ ತಯಾರಿಸುತ್ತಿತ್ತು. ತುಂಗಭದ್ರೆಯ ದಡದ ದೇಗುಲದ ಊರು ಯಂತ್ರಗಳ ಊರೂ ಆಯಿತು. ಆ ಕಾರ್ಖಾನೆ ಈಗಿಲ್ಲ. ಅದನ್ನು ನಂಬಿದ್ದ ಸಂಸಾರಗಳು ಬೇರೆ ದಾರಿ ಹುಡುಕಬೇಕಾಯಿತು. ಯಂತ್ರ ಮಾರಿಹೋಗಬಹುದು, ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಗುರುತಿಸುವ ಕಸುಬನ್ನು ಮುಂದಿನವರಿಗೆ ಕಲಿಸುವವರಾರು ಎಂಬುದೇ ಉಳಿದ ಪ್ರಶ್ನೆ.