ಧಾರಾವಿ ದರ್ಶನ: ನಮ್ಮ ಮಗ್ಗುಲಿನ ಪ್ರವಾಸಿ ತಾಣ

ಮುಂಬಯಿಯ ಕನ್ನಡ ಕುಟುಂಬಗಳಿಗೆ ಯೂರೋಪ್ ಪ್ರವಾಸ ಈಗ ಹೊಸದೇನಲ್ಲ. ಜ್ಯೂರಿಕ್, ಜಿನೀವಾ, ಲೂಸರ್ನ್ ಮೊದಲಾದ ಸರೋವರ ತೀರದ ನಗರಗಳನ್ನು ಕಂಡುಬಂದವರು ನಮ್ಮ ಪ್ರತಿಯೊಂದು ಹೌಸಿಂಗ್ ಸೊಸೈಟಿಯಲ್ಲೂ ಸಿಗುತ್ತಾರೆ. ಅದೇ ಯೂರೋಪಿನಿಂದ ಇಲ್ಲಿಗೆ ಬರುವ ಪ್ರವಾಸಿಗರು ಗೇಟ್‌ವೇ ಆಫ್ ಇಂಡಿಯಾ, ಎಲಿಫೆಂಟಾ ಗುಹೆಗಳ ಜೊತೆಗೆ ವಿಚಾರಿಸುವ ಇನ್ನೊಂದು ಸ್ಥಳ ಧಾರಾವಿ. 2019ರಲ್ಲಿ 'ಟ್ರಿಪ್ ಅಡ್ವೈಸರ್' ಸಂಸ್ಥೆ ಪ್ರಕಟಿಸಿದ ಭಾರತದ ಪ್ರವಾಸಗಳ ಪಟ್ಟಿಯಲ್ಲಿ ಧಾರಾವಿಯ ಕಾಲ್ನಡಿಗೆ ಪ್ರವಾಸಕ್ಕೆ ಮೊದಲ ಸ್ಥಾನ ದೊರೆಯಿತು. ತಾಜಮಹಲಿನದು ಅದರ ಕೆಳಗೆ. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ, ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ಉಪನ್ಯಾಸವೆಂದು ಓಡಾಡುವ ನಮ್ಮವರಲ್ಲಿ ಬಹುಮಂದಿ, ಅವೆರಡಕ್ಕೂ ಇಷ್ಟು ಸಮೀಪವಿರುವ ಧಾರಾವಿಯನ್ನು ಲೋಕಲ್ ರೈಲಿನ ಕಿಟಕಿಯಿಂದಷ್ಟೇ ಬಲ್ಲರು. ಈ ಪ್ರದೇಶದ ಸ್ವರೂಪವೇ ಬದಲಾಗಲಿರುವ ಕಾಲವಿದು. ಆದ್ದರಿಂದ ಅದನ್ನು ನೋಡಬಯಸುವ ಓದುಗರಿಗಾಗಿ ಕೆಲವು ವಿವರಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಪೂರ್ವಕ್ಕೆ ಸೆಂಟ್ರಲ್ ರೈಲ್ವೆಯ ಸಾಯನ್, ಪಶ್ಚಿಮಕ್ಕೆ ವೆಸ್ಟರ್ನ್ ರೈಲ್ವೆಯ ಮಾಹಿಮ್, ಉತ್ತರಕ್ಕೆ ಮೀಠಿ ನದಿ: ಧಾರಾವಿ ಈ ಮೂರರ ನಡುವಿನ ತುಂಡು ನೆಲ. ವಿಸ್ತೀರ್ಣ ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆಯ ಅಂದಾಜುಗಳು 6 ಲಕ್ಷದಿಂದ 10 ಲಕ್ಷದವರೆಗೆ ಏರಿಳಿಯುತ್ತವೆ.

ಇದು ಮೂಲತಃ ನೀರಿನ ಅಂಚಿನ ಊರು. ವಿಹಾರ್ (1860) ಮತ್ತು ಪವಾಯಿ (1891) ಸರೋವರಗಳಿಂದ ಉಕ್ಕಿ ಹರಿಯುವ ನೀರೇ ಮೀಠಿ ನದಿಯಾಗಿ, ಸುಮಾರು 18 ಕಿ.ಮೀ. ಸಾಗಿ, ಧಾರಾವಿಯ ಬದಿಯಿಂದ ಮಾಹಿಮ್ ಖಾರಿಯನ್ನು ಸೇರುತ್ತದೆ. ಜ್ಯೂರಿಕ್ ನಗರದ ನಡುವೆ ಹರಿಯುವ ಲಿಮ್ಮಾತ್ ನದಿ ಕೂಡ ಸರೋವರದಿಂದಲೇ ಹೊರಡುತ್ತದೆ. ಬೇಸಿಗೆಯಲ್ಲಿ ಪೇಟೆಯ ಜನ ಅದರಲ್ಲಿ ಈಜುತ್ತಾರೆ. ನಮ್ಮ ಮೀಠಿಯ ಸ್ಥಿತಿಯನ್ನು ಮುಂಬಯಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸ್ವಿಟ್ಜರ್ಲೆಂಡಿನ ನದಿ ಸರೋವರಗಳೂ 1950-60ರ ದಶಕಗಳಲ್ಲಿ ಚರಂಡಿ ನೀರಿನಿಂದ ಕೆಟ್ಟುಹೋಗಿದ್ದವು, ಶುದ್ಧೀಕರಣ ಘಟಕಗಳನ್ನು ಕಟ್ಟಿದ ಮೇಲಷ್ಟೇ ಚೇತರಿಸಿಕೊಂಡವು ಎಂಬುದನ್ನು ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಮೀಠಿ ತಾನು ನದಿಯೆಂಬುದನ್ನು ನಗರಕ್ಕೆ ನೆನಪಿಸಿತು.

ಧಾರಾವಿಯ ಮೊದಲ ನಿವಾಸಿಗಳು ಕೋಳಿ ಬೆಸ್ತರು. 1909ರ ಬೊಂಬಾಯಿ ಗೆಜೆಟಿಯರಿನಲ್ಲಿ ನಗರದ ಆರು ದೊಡ್ಡ ಕೋಳಿವಾಡಾಗಳಲ್ಲಿ ಒಂದಾಗಿ ಇದರ ಉಲ್ಲೇಖವಿದೆ. ಸಾಯನ್ ಕಾಸ್‌ವೇ, ಆಮೇಲೆ 1845ರ ಮಾಹಿಮ್ ಕಾಸ್‌ವೇಗಳಿಂದ ಖಾರಿಯ ನೀರಿನ ಹರಿವು ಬದಲಾಯಿತು. ಜೌಗು ನೆಲ ಕ್ರಮೇಣ ಒಣಗಿ, ತುಂಬಿಸಲ್ಪಟ್ಟು, ಮೀನುಗಾರಿಕೆ ಹಿಂದೆ ಸರಿಯಿತು. ಕೋಳಿವಾಡಾ ಮಾತ್ರ ಇಂದಿಗೂ ಇದೆ. ತಮ್ಮದು ಗಾಂವಠಾಣ, ಕೊಳೆಗೇರಿ ಅಲ್ಲ ಎಂಬುದು ಅಲ್ಲಿಯವರ ಪಟ್ಟು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಮಿಳುನಾಡಿನ ತಿರುನೆಲ್ವೇಲಿ ಕಡೆಯಿಂದ ಬಂದವರು ಇಲ್ಲಿ ಚರ್ಮ ಹದಮಾಡುವ ಕೆಲಸವನ್ನು ಆರಂಭಿಸಿದರು. ದುರ್ವಾಸನೆಯ ಉದ್ಯೋಗಗಳನ್ನು ನಗರದ ಹೊರಗಿಡುವುದು ಅಂದಿನ ಆಡಳಿತದ ಪದ್ಧತಿ. ಧಾರಾವಿ ಆಗ ನಗರದ ಹೊರಗಿತ್ತು. 1930ರ ದಶಕದಲ್ಲಿ ಸೌರಾಷ್ಟ್ರ ಮೂಲದ ಕುಂಬಾರರು ಬಂದು ನೆಲೆಸಿದರು. ಮುಂದೆ ಉತ್ತರ ಪ್ರದೇಶದವರು, ಆಂಧ್ರದವರು, ನಮ್ಮ ಉತ್ತರ ಕರ್ನಾಟಕದ ಕುಟುಂಬಗಳೂ ಬಂದು ಸೇರಿಕೊಂಡವು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದ್ದು, ಅವುಗಳಲ್ಲಿ ಕನ್ನಡವೂ ಒಂದು ಎಂಬ ಸಂಗತಿಗೆ ಇಂಥ ದುಡಿಯುವ ಕುಟುಂಬಗಳೇ ಮುಖ್ಯ ಕಾರಣ.

ಇಲ್ಲಿಯ ಅತ್ಯಂತ ಹಳೆಯ ಕಟ್ಟಡ ಕಾಲಾ ಕಿಲ್ಲಾ. ರೀವಾ ಕೋಟೆ ಎಂಬುದು ಇದರ ಇನ್ನೊಂದು ಹೆಸರು. ಆ ಭಾಗದ ಬೆಸ್ಟ್ ಬಸ್ ಡಿಪೋ ಇದರ ಹೆಸರನ್ನೇ ಹೊತ್ತಿದೆ. ಗವರ್ನರ್ ಜಾನ್ ಹಾರ್ನ್‌ನ ಆಜ್ಞೆಯಂತೆ 1737ರಲ್ಲಿ ಕಟ್ಟಲಾಯಿತೆಂಬ ಶಿಲಾಫಲಕ ಗೋಡೆಯಲ್ಲಿದೆ. ಖಾರಿಯ ಆಚೆ ದಡದ ಸಾಷ್ಟಿಯಿಂದ ಬರಬಹುದಾದ ಶತ್ರುಗಳನ್ನು ಗಮನಿಸಲೆಂದು ಕಟ್ಟಿದ ಈ ಪುಟ್ಟ ಕೋಟೆಯನ್ನು ಇಂದು ಹುಡುಕಿಕೊಂಡು ಹೋಗಬೇಕಾಗಿದೆ.

ಇಲ್ಲಿ ಕ್ರಮಬದ್ಧವಾದ ಪ್ರವಾಸಗಳು ಆರಂಭವಾದದ್ದು 2006ರಲ್ಲಿ. ಬ್ರೆಜಿಲ್‌ನ ರಿಯೊ ನಗರದಲ್ಲಿ ಇಂಥ ಪ್ರವಾಸವನ್ನು ಕಂಡಿದ್ದ ಬ್ರಿಟನ್ನಿನ ಕ್ರಿಸ್ ವೇ ಹಾಗೂ ಕರ್ನಾಟಕ ಮೂಲದ ಕೃಷ್ಣ ಪೂಜಾರಿ ಅವರು ಕೂಡಿ 'ರಿಯಾಲಿಟಿ ಟೂರ್ಸ್ ಅಂಡ್ ಟ್ರಾವೆಲ್' ಸಂಸ್ಥೆಯನ್ನು ಕಟ್ಟಿದರು. ಹಳ್ಳಿಯಿಂದ ಬಾಲಕನಾಗಿ ಮುಂಬಯಿಗೆ ಬಂದ ಕನ್ನಡ ನಾಡಿನವರೊಬ್ಬರು ಧಾರಾವಿಯ ದಾರಿಯನ್ನು ಜಗತ್ತಿಗೆ ತೋರಿಸಿದ್ದು ನಮಗೆ ಅಭಿಮಾನದ ವಿಷಯ. ಲಾಭದ ಶೇಕಡಾ 80 ಭಾಗವನ್ನು ಶಿಕ್ಷಣ ಮೊದಲಾದ ಕಾರ್ಯಗಳಿಗೆ ಮೀಸಲಿಡುವುದು, ಚಿಕ್ಕ ಗುಂಪುಗಳಲ್ಲಿ ಕರೆದೊಯ್ಯುವುದು, ಛಾಯಾಚಿತ್ರ ತೆಗೆಯಲು ಬಿಡದಿರುವುದು ಈ ಸಂಸ್ಥೆಯ ನಿಯಮಗಳು. 2008ರ 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರದ ನಂತರ ವಿದೇಶೀಯರ ಆಸಕ್ತಿ ಬಹಳ ಹೆಚ್ಚಿತು.

ಬಡತನವನ್ನು ಟಿಕೆಟು ಕೊಂಡು ನೋಡುವುದೇ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ, ಅದು ಉಪೇಕ್ಷಿಸುವಂಥದೂ ಅಲ್ಲ. ತೆರೆದ ಬಾಗಿಲಿನ ಮುಂದೆ ನಿಂತು ಒಳಗೆ ಇಣುಕುವುದು ಯಾವ ಊರಿನಲ್ಲೂ ಸಭ್ಯತೆಯಲ್ಲ. ಕೆಲಸ ನಡೆಯುವ ಜಾಗಗಳನ್ನು, ಕೆಲಸಗಾರರ ಅನುಮತಿ ಪಡೆದು, ತಿಳಿದವರ ಜೊತೆಗೆ ನೋಡುವುದು ಮಾತ್ರ ಯೋಗ್ಯವೆಂದು ನಮ್ಮ ಅಭಿಪ್ರಾಯ.

ಹಾಗೆ ನೋಡಹೊರಟರೆ ಕಾಣುವುದು ಬಹಳ. ತೇರಾ ಕಂಪೌಂಡಿನಲ್ಲಿ ನಗರದ ಪ್ಲಾಸ್ಟಿಕ್ ಕಸವನ್ನು ಜಾತಿ, ಬಣ್ಣಗಳ ಪ್ರಕಾರ ವಿಂಗಡಿಸಿ, ಯಂತ್ರದಲ್ಲಿ ನುರಿಸಿ, ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಕರಗಿಸಿ ದಾರದಂತೆ ಎಳೆದು, ಸಣ್ಣ ಕಾಳುಗಳಾಗಿ ಕತ್ತರಿಸುತ್ತಾರೆ. ಆ ಕಾಳುಗಳು ಮತ್ತೆ ಕಾರ್ಖಾನೆಗಳಿಗೆ ಹೋಗುತ್ತವೆ. ನಾವು ಬಿಸಾಡಿದ ಶಾಂಪೂ ಬಾಟಲಿ ಯಾವ ರೂಪದಲ್ಲಿ ಮರಳಿ ನಮ್ಮ ಮನೆ ಸೇರಿದೆಯೋ ಬಲ್ಲವರಾರು! ಅಲ್ಲಿನ ಹೊಗೆ, ಸೆಖೆ, ಸದ್ದುಗಳು ಕೆಲಸಗಾರರ ಆರೋಗ್ಯವನ್ನು ಕಡೆಗಣಿಸಿವೆ ಎಂಬುದನ್ನೂ ನೋಡಿಯೇ ತಿಳಿಯಬೇಕು. ಎಣ್ಣೆ ಡಬ್ಬಿಗಳನ್ನು ತಟ್ಟಿ ಸರಿಪಡಿಸುವವರು, ಹೋಟೆಲುಗಳ ಸಾಬೂನಿನ ತುಂಡುಗಳನ್ನು ಮತ್ತೆ ಸಾಬೂನಾಗಿಸುವವರು ಬೇರೆ. 1971ರಲ್ಲಿ ಕಸಾಯಿಖಾನೆ ದೇವನಾರಕ್ಕೆ ಬಂದ ನಂತರ ಚರ್ಮ ಹದಮಾಡುವ ಕೆಲಸ ಇಲ್ಲಿ ಕ್ಷೀಣಿಸಿತು. ಚೀಲ, ಬೆಲ್ಟು, ಜಾಕೆಟುಗಳ ತಯಾರಿಕೆ ಉಳಿಯಿತು. ಇನ್ನೊಂದು ಓಣಿಯಲ್ಲಿ ಬೋರಲು ಹಾಕಿದ ಬಿದಿರು ಬುಟ್ಟಿಗಳ ಮೇಲೆ ಹೆಂಗಸರು ಹಪ್ಪಳ ಒಣಗಿಸುತ್ತಾರೆ. ಬೆಳಗಿನ ಜಾವ ಇಲ್ಲಿ ಬೇಯುವ ಇಡ್ಲಿಗಳು ಮುಂಬಯಿಯ ಬೀದಿ ಬೀದಿಗಳಿಗೆ ಹೊರಡುತ್ತವೆ. ನಮ್ಮವರ ನಾಲಿಗೆಗೆ ಧಾರಾವಿಯ ಪರಿಚಯ ಮೊದಲೇ ಇದೆ ಎನ್ನಬಹುದು.

ಬ್ಯಾಂಕಿನ ನೌಕರಿಯಲ್ಲಿರುವ ನಮಗೆ ಕುತೂಹಲ ಹುಟ್ಟಿಸುವುದು ಬಂಡವಾಳದ ವಿಷಯ. ಧಾರಾವಿಯ ವಾರ್ಷಿಕ ವಹಿವಾಟು ಸಾವಿರಾರು ಕೋಟಿ ರೂಪಾಯಿಗಳೆಂದು ಅಂದಾಜು. ಆದರೆ ಕಾಲ ಕೆಳಗಿನ ನೆಲಕ್ಕೆ ಹಕ್ಕುಪತ್ರವಿಲ್ಲದವನು ಅಡಮಾನವಾಗಿ ಏನನ್ನು ತಾನೇ ಇಡಬಲ್ಲ? 2015ರಲ್ಲಿ ಬಂದ ಮುದ್ರಾ ಯೋಜನೆ ಅಡಮಾನವಿಲ್ಲದ ಸಾಲಕ್ಕೆ ದಾರಿ ಮಾಡಿತು. ಅದಕ್ಕೂ ಮೊದಲಿನ ಅನೇಕ ದಶಕಗಳ ಉದ್ಯಮ ನಿಂತದ್ದು ಬಂಧುಗಳ ಕೈಗಡ, ಭಿಸಿ ಚೀಟಿ ಮತ್ತು ಬಾಯಿಮಾತಿನ ನಂಬಿಕೆಯ ಮೇಲೆ.

ಇವೆಲ್ಲದರ ಭವಿಷ್ಯ ಈಗ ಪುನರಭಿವೃದ್ಧಿ ಯೋಜನೆಯ ಕೈಯಲ್ಲಿದೆ. 1985ರಲ್ಲಿ ರಾಜೀವ್ ಗಾಂಧಿಯವರು ಮುಂಬಯಿಗೆ ಘೋಷಿಸಿದ 100 ಕೋಟಿ ರೂಪಾಯಿಗಳ ನೆರವಿನಲ್ಲಿ ಧಾರಾವಿಗೂ ಪಾಲು ಸಿಕ್ಕಿತ್ತು. 2004ರಲ್ಲಿ ಮಹಾರಾಷ್ಟ್ರ ಸರ್ಕಾರ ಸಮಗ್ರ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟರೂ ಟೆಂಡರುಗಳು ಬಂದುಹೋದವೇ ಹೊರತು ಕೆಲಸ ಸಾಗಲಿಲ್ಲ. 2022ರ ನವೆಂಬರಿನಲ್ಲಿ ಅದಾನಿ ಸಮೂಹ 5,069 ಕೋಟಿ ರೂಪಾಯಿಗಳ ಬಿಡ್ಡಿನಿಂದ ಗೆದ್ದಿತು. 2023ರ ಜುಲೈನಲ್ಲಿ ಸರ್ಕಾರದ ಆದೇಶವಾಯಿತು. 2024ರ ಮಾರ್ಚ್‌ನಲ್ಲಿ ಮನೆಗಳ ಸಮೀಕ್ಷೆ ಆರಂಭವಾಯಿತು. 2000ದ ಜನವರಿ 1ಕ್ಕೆ ಮುಂಚಿನಿಂದ ನೆಲಮಹಡಿಯಲ್ಲಿ ಇರುವ ಅರ್ಹರಿಗೆ ಧಾರಾವಿಯಲ್ಲೇ 350 ಚದರಡಿಯ ಮನೆ ಉಚಿತ. ನಂತರ ಬಂದವರಿಗೂ ಮೇಲ್ಮಹಡಿಯವರಿಗೂ ಧಾರಾವಿಯ ಹೊರಗೆ ಮನೆಗಳೆಂದು ಯೋಜನೆ ಹೇಳುತ್ತದೆ. ಗಟ್ಟಿ ಗೋಡೆ, ಸ್ವಂತ ಶೌಚಾಲಯ ಯಾರಿಗೆ ಬೇಡ? ಸಾಮೂಹಿಕ ಶೌಚಾಲಯದ ಮುಂದೆ ಸಾಲು ನಿಂತವರಿಗೇ ಅದರ ಬೆಲೆ ಗೊತ್ತು. ಆದರೆ ಮನೆ ಮತ್ತು ದುಡಿಮೆ ಒಂದೇ ಜಾಗದಲ್ಲಿರುವುದು ಧಾರಾವಿಯ ಬದುಕಿನ ಕೀಲಿ. ಹದಿನೈದನೆಯ ಮಹಡಿಯಲ್ಲಿ ಹಪ್ಪಳ ಎಲ್ಲಿ ಒಣಗೀತು, ಕುಂಬಾರನ ಭಟ್ಟಿ ಎಲ್ಲಿ ಉರಿದೀತು ಎಂಬುದಕ್ಕೆ ಚದರಡಿಯ ಲೆಕ್ಕದಲ್ಲಿ ಉತ್ತರವಿಲ್ಲ.

ಹೋಗಬಯಸುವವರಿಗೆ: ಮಾಹಿಮ್ ಅಥವಾ ಸಾಯನ್ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಮಳೆಗಾಲವನ್ನು ಬಿಡುವುದು ಒಳ್ಳೆಯದು. ಓಣಿಗಳು ಇಕ್ಕಟ್ಟು, ಕಾಲಡಿಯಲ್ಲಿ ಚರಂಡಿ. ಮುಚ್ಚಿದ ಪಾದರಕ್ಷೆ ಇರಲಿ. ಮಕ್ಕಳಿದ್ದರೆ ಸಾಯನ್-ಬಾಂದ್ರಾ ಲಿಂಕ್ ರಸ್ತೆಯ ಮಹಾರಾಷ್ಟ್ರ ನೇಚರ್ ಪಾರ್ಕನ್ನೂ ಸೇರಿಸಿಕೊಳ್ಳಿ. ಒಂದು ಕಾಲದ ಕಸದ ರಾಶಿಯ ಮೇಲೆ ಬೆಳೆಸಿದ, 1994ರಲ್ಲಿ ಸಾರ್ವಜನಿಕರಿಗೆ ತೆರೆದ 37 ಎಕರೆಯ ಕಾಡು ಅದು.

ನಮ್ಮನ್ನು ಕೇಳಿದರೆ ದೀಪಾವಳಿಗೆ ಮುಂಚಿನ ವಾರಗಳೇ ಪ್ರಶಸ್ತ. ತೊಂಬತ್ತು ಅಡಿ ರಸ್ತೆಯ ಕುಂಭಾರವಾಡಾದಲ್ಲಿ ಆಗ ಅಂಗಳ, ಜಗಲಿ, ಮಾಳಿಗೆಗಳ ಮೇಲೆಲ್ಲ ಹಣತೆಗಳು. ಹತ್ತಿಯ ಚಿಂದಿಯಿಂದ ಉರಿಯುವ ಭಟ್ಟಿಗಳ ಹೊಗೆ ಕಣ್ಣಿಗೆ ತುಸು ಉರಿ ತಂದರೂ, ಮಾಡಿದವರ ಕೈಯಿಂದಲೇ ಕೊಳ್ಳಬಹುದು. ಹೊರಡುವಾಗ ಗಟ್ಟಿಯಾದ ಬಟ್ಟೆಯ ಚೀಲವನ್ನೂ ಹಳೆಯ ಪತ್ರಿಕೆಗಳನ್ನೂ ಜೊತೆಗೆ ಒಯ್ಯಿರಿ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಹಣತೆಯ ಅಂಚು ಬಹುಬೇಗ ಒಡೆಯುತ್ತದೆ.