ಕಿಸೆ ಗಡಿಯಾರ: ವಾಡಿ–ಸೇಡಂ ಸೀಮೆಯಲ್ಲಿ ಹಳೆಯದನ್ನು ಗುರುತಿಸುವ ಬಗೆ

ಸರಪಳಿಯಿಂದ ಕೋಟು ಅಥವಾ ಶೇರ್ವಾನಿಯ ಗುಂಡಿಗೆ ಸಿಕ್ಕಿಸಿ, ಕಿಸೆಯೊಳಗೆ ಇಟ್ಟುಕೊಳ್ಳುವ ಗಡಿಯಾರವೇ ಕಿಸೆ ಗಡಿಯಾರ. ದಿನಕ್ಕೊಮ್ಮೆ ಚಾವಿ ಕೊಟ್ಟರೆ ಸುಮಾರು ಒಂದೂಕಾಲು ದಿನ ನಡೆಯುತ್ತದೆ. ಮೊದಲ ಮಹಾಯುದ್ಧದ ನಂತರ ಕೈಗಡಿಯಾರ ಬಳಕೆಗೆ ಬಂದು ಇದು ಹಿಂದೆ ಸರಿಯಿತು. ಆದರೂ ರೈಲ್ವೆಯವರ, ಗೌಡ–ಕುಲಕರ್ಣಿಗಳ, ವಕೀಲರ ಮನೆಗಳಲ್ಲಿ ಬಹಳ ಕಾಲ ಉಳಿಯಿತು. ಇಂಥದ್ದೊಂದು ಕೈಗೆ ಸಿಕ್ಕಾಗ ಎಲ್ಲರೂ ಮೊದಲು ಓದುವುದು ಡಯಲ್ ಮೇಲಿನ ಹೆಸರನ್ನು. ಆದರೆ ಗಡಿಯಾರದ ವಯಸ್ಸು, ಊರು, ಬೆಲೆ ಹೇಳುವುದರಲ್ಲಿ ಎಲ್ಲಕ್ಕಿಂತ ದುರ್ಬಲ ಸಾಕ್ಷಿ ಆ ಹೆಸರೇ. ಕವಚದ ಒಳಮೈ, ಯಂತ್ರದ ಮೇಲಿನ ಅಂಕಿ, ಹಿಂಬದಿಯ ಕೆತ್ತನೆ, ಈ ಮೂರನ್ನು ಕೂಡಿಸಿ ಓದಬೇಕು.

ಎರಡು ರೈಲು, ಎರಡು ಮುದ್ರೆ

ಈ ಸೀಮೆಗೆ ನಿಮಿಷದ ಲೆಕ್ಕ ತಂದದ್ದು ರೈಲು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ನಿಜಾಮರ ಮಾರ್ಗ ತೆರೆಯಿತು. ವಾಡಿ ಜಂಕ್ಷನ್ ಆದದ್ದು ಹೀಗೆ. ಚಿಂಚೋಳಿಗೆ ರೈಲು ಬರಲಿಲ್ಲ. ಅಲ್ಲಿಯವರು ತಾಂಡೂರಿಗೋ ಸೇಡಮ್ಮಿಗೋ ಹೋಗಿ ಗಾಡಿ ಹಿಡಿಯಬೇಕು.

ರೈಲ್ವೆಯಲ್ಲಿ ಗಡಿಯಾರ ಕೆಲಸದ ಸಾಮಾನು. ಗಾಡಿ ಹೊರಡುವ ಮುನ್ನ ಗಾರ್ಡ್ ತನ್ನ ಗಡಿಯಾರವನ್ನು ನಿಲ್ದಾಣದ ಗಡಿಯಾರಕ್ಕೆ ಹೊಂದಿಸಿ, ಆ ಸಮಯವನ್ನು ಚಾಲಕನಿಗೆ ತಿಳಿಸಬೇಕೆಂಬುದು ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ ಇದೆ. ಆದ್ದರಿಂದ ಹಳೆ ಕವಚದ ಮೇಲೆ ಕಂಪನಿಯ ಮೊದಲಕ್ಷರಗಳು ಕಂಡರೆ ಕಾಲ ಹಿಡಿಯಲು ಒಂದು ದಾರ ಸಿಕ್ಕಂತೆ. ‘ಜಿ.ಐ.ಪಿ.’ ಎಂದಿದ್ದರೆ ಶಹಾಬಾದ್ ಮಾರ್ಗದ ಕಂಪನಿ. ‘ಎನ್.ಜಿ.ಎಸ್.ಆರ್.’ ಎಂದಿದ್ದರೆ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ: 1883ರಲ್ಲಿ ಹುಟ್ಟಿದ ಈ ಕಂಪನಿಯನ್ನು 1930ರಲ್ಲಿ ನಿಜಾಮ್ ಸರ್ಕಾರ ಕೊಂಡುಕೊಂಡಿತು. 1951ರಲ್ಲಿ ಎರಡೂ ಮಾರ್ಗಗಳು ಮಧ್ಯ ರೈಲ್ವೆಯಲ್ಲಿ ಸೇರಿದವು. ಆದರೆ ಅಕ್ಷರ ಕೆತ್ತುವುದು ಸುಲಭ. ಕೆತ್ತನೆಯ ಗೆರೆಗಳು ಸುತ್ತಲಿನ ಕವಚದಷ್ಟೇ ಸವೆದಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಸವೆದ ಕವಚದ ಮೇಲೆ ಚೂಪು ಅಂಚಿನ ಅಕ್ಷರ ಕಂಡರೆ ಅದು ಈಚಿನದು.

ಯಾವ ಊರಿನ ಹೊತ್ತು?

ಆಗಿನ ರೈಲುಗಳು ನಡೆಯುತ್ತಿದ್ದುದು ಮದ್ರಾಸ್ ಸಮಯಕ್ಕೆ. 1906ರ ಹೊತ್ತಿಗೆ ಈಗಿನ ಭಾರತೀಯ ಕಾಲಮಾನ ಬಂದು ರೈಲು ಗಡಿಯಾರಗಳು ಸುಮಾರು 9 ನಿಮಿಷ ಮುಂದಕ್ಕೆ ಹೋದವು. ಊರ ಬಿಸಿಲಿನ ಹೊತ್ತು ಎರಡಕ್ಕೂ ಹೊಂದದು. ಭಾರತೀಯ ಕಾಲಮಾನದ ರೇಖೆ 82.5 ಡಿಗ್ರಿ ರೇಖಾಂಶದಲ್ಲಿದೆ, ಸೇಡಂ ಇರುವುದು 77.3ರ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷದಂತೆ ಸೇಡಮ್ಮಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 21 ನಿಮಿಷಕ್ಕೆ. ನೆರಳು ನೋಡಿ ಬದುಕುತ್ತಿದ್ದ ಹಳ್ಳಿಗೂ ಗಾರ್ಡನ ಕಿಸೆಗೂ ಇದ್ದ ಅಂತರ ಇಷ್ಟು.

ಹೊರನೋಟದ ಬಗೆಗಳು

ಡಯಲ್ ಮೇಲೆ ಗಾಜು ಮಾತ್ರ ಇದ್ದರೆ ‘ಓಪನ್ ಫೇಸ್’. ಲೋಹದ ಮುಚ್ಚಳವಿದ್ದು ಗುಂಡಿ ಒತ್ತಿದರೆ ತೆರೆಯುವಂತಿದ್ದರೆ ‘ಹಂಟರ್’. ಮುಚ್ಚಳದ ನಡುವೆ ಸಣ್ಣ ಕಿಂಡಿ ಇದ್ದರೆ ‘ಹಾಫ್ ಹಂಟರ್’.

ಚಾವಿ ಕೊಡುವ ರೀತಿ ವಯಸ್ಸಿನ ಮೊದಲ ಸುಳಿವು. ಹಿಂಬದಿಯಲ್ಲಿ ತೂತಿದ್ದು ಬೇರೆ ಚಾವಿ ಬೇಕಾದರೆ ಅದು ಹಳೆಯ ಪದ್ಧತಿ. ಮೇಲಿನ ಗುಂಡಿಯನ್ನೇ ತಿರುಗಿಸಿ ಚಾವಿ ಕೊಡುವ ವಿಧಾನವನ್ನು ಆಡ್ರಿಯನ್ ಫಿಲಿಪ್ 1840ರ ದಶಕದಲ್ಲಿ ರೂಪಿಸಿದ; ಅದು ಎಲ್ಲೆಡೆ ಹರಡಲು ಹಲವು ದಶಕ ಬೇಕಾಯಿತು. ಮೇಲೆ ಗುಂಡಿ ಇಟ್ಟುಕೊಂಡು ‘1800ರದು’ ಎಂದು ಯಾರಾದರೂ ಮಾರಲು ಬಂದರೆ ಮುಂದೆ ನೋಡುವ ಅಗತ್ಯವಿಲ್ಲ. ಅಮೆರಿಕದ ಕೆಲವು ರೈಲ್ವೆ ಗಡಿಯಾರಗಳಲ್ಲಿ ಗುಂಡಿ ಎಳೆದರೂ ಮುಳ್ಳು ತಿರುಗುವುದಿಲ್ಲ. ಅದು ಕೆಟ್ಟಿದೆ ಎಂದಲ್ಲ. ಗಾಜಿನ ಚೌಕಟ್ಟು ತೆಗೆದು ಅಂಚಿನ ಪುಟ್ಟ ಸನ್ನೆಯನ್ನು ಎಳೆದ ಮೇಲೆಯೇ ಸಮಯ ಹೊಂದಿಸಬೇಕು. ಕಿಸೆಯಲ್ಲಿ ಗುಂಡಿ ತಾನೇ ಎಳೆದುಕೊಂಡು ಸಮಯ ತಪ್ಪಬಾರದೆಂದು ಮಾಡಿದ ಏರ್ಪಾಡು ಅದು.

ಕವಚದ ಒಳಮೈ

ಹಿಂದಿನ ಮುಚ್ಚಳ ತೆರೆದರೆ ಒಳಗೆ ಸಣ್ಣ ಮುದ್ರೆಗಳು ಕಾಣುತ್ತವೆ. ಇಂಗ್ಲೆಂಡಿನ ಬೆಳ್ಳಿಗೆ ನಡೆಯುವ ಸಿಂಹದ ಮುದ್ರೆ. ಅದು ಸಾವಿರಕ್ಕೆ 925 ಪಾಲು ಬೆಳ್ಳಿ ಎಂಬ ಗುರುತು. ಪಕ್ಕದಲ್ಲಿ ಊರಿನ ಮುದ್ರೆ: ಲಂಡನ್‌ಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮ್‌ಗೆ ಲಂಗರು. ಇನ್ನೊಂದು ಅಕ್ಷರವು ಪರೀಕ್ಷೆಯಾದ ವರ್ಷವನ್ನು ಹೇಳುತ್ತದೆ. ಅಕ್ಷರದ ಶೈಲಿ ಮತ್ತು ಅದರ ಚೌಕಟ್ಟಿನ ಆಕಾರವನ್ನು ಆಯಾ ಊರಿನ ಪಟ್ಟಿಯೊಂದಿಗೆ ಹೋಲಿಸಬೇಕು. ಸ್ವಿಟ್ಜರ್ಲೆಂಡಿನ ಕವಚಗಳಲ್ಲಿ 1880ರ ದಶಕದಿಂದ ಕಾಡುಕೋಳಿ ಜಾತಿಯ ಹಕ್ಕಿ ಕಂಡರೆ 0.800 ಬೆಳ್ಳಿ, ಕರಡಿ ಕಂಡರೆ ಅದಕ್ಕಿಂತ ಶುದ್ಧವಾದದ್ದು.

ಮೋಸ ಹೋಗುವುದು ಇತರ ಬರಹಗಳಿಂದ. ‘ಜರ್ಮನ್ ಸಿಲ್ವರ್’, ‘ಆಲ್ಪಾಕಾ’ ಎಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ. ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ಚಿನ್ನದ ಬಣ್ಣದ ಅಮೆರಿಕನ್ ಕವಚದಲ್ಲಿ ‘20 ವರ್ಷ ಖಾತರಿ’ ಎಂದಿದ್ದರೆ ಅದು ಚಿನ್ನದ ತಗಡು ಹೊದಿಸಿದ್ದು, ಗಟ್ಟಿ ಚಿನ್ನವಲ್ಲ. ತಗಡು ಸವೆಯದೆ ಎಷ್ಟು ವರ್ಷ ಬಾಳುತ್ತದೆ ಎಂಬ ಮಾತು ಅದು.

ಯಂತ್ರ ಮತ್ತು ಅಂಗಡಿಯ ಹೆಸರು

ಡಯಲ್ ಮೇಲೆ ‘ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ, ಕಲ್ಕತ್ತ’ ಎಂದು ಓದಿ ಇದು ಮುಂಬಯಿಯಲ್ಲಿ ಮಾಡಿದ್ದು ಎಂದುಕೊಳ್ಳುವವರಿದ್ದಾರೆ. ಮಾರಾಟ ಅಲ್ಲಿಯದು, ಯಂತ್ರ ಸ್ವಿಟ್ಜರ್ಲೆಂಡಿನದು. ಈ ಹೆಸರಿನ ಹಲವು ಗಡಿಯಾರಗಳ ಒಳಗೆ ಲಾಂಜಿನ್ಸ್ ಯಂತ್ರವಿದೆ. ಫಾವ್ರ್ ಲ್ಯೂಬಾ ಕೂಡ 1860ರ ದಶಕದಿಂದಲೇ ಮುಂಬಯಿಗೆ ಸ್ವಿಸ್ ಗಡಿಯಾರ ತರುತ್ತಿತ್ತು.

ಅಮೆರಿಕದ ವಾಲ್ತಮ್, ಎಲ್ಜಿನ್ ಗಡಿಯಾರಗಳಿಗೆ ವರ್ಷ ಹೇಳುವುದು ಯಂತ್ರದ ಮೇಲಿನ ಕ್ರಮಸಂಖ್ಯೆ, ಕವಚದ ಸಂಖ್ಯೆಯಲ್ಲ. ಅಲ್ಲಿ ಯಂತ್ರ ಒಂದು ಕಾರ್ಖಾನೆಯದು, ಕವಚ ಇನ್ನೊಂದರದು. ಗಿರಾಕಿ ಅಂಗಡಿಯಲ್ಲಿ ಎರಡನ್ನೂ ಆರಿಸಿ ಕೂಡಿಸಿಕೊಳ್ಳುತ್ತಿದ್ದ.

ಒಳಗೆ ಸೈಕಲ್ ಚೈನಿನ ಮರಿಯಂಥ ಸರಪಳಿ ಇದ್ದರೆ ಅದು ಹಳೆ ಇಂಗ್ಲಿಷ್ ಪದ್ಧತಿಯ ‘ಫ್ಯೂಸಿ’. ‘ರಾಸ್ಕಾಫ್’ ಎಂದಿದ್ದರೆ ಬಡವರ ಗಡಿಯಾರ: ಜಾರ್ಜ್ ಫ್ರೆಡರಿಕ್ ರಾಸ್ಕಾಫ್ 1860ರ ದಶಕದಲ್ಲಿ ಕೂಲಿಯವನ ಕೈಗೆಟುಕುವ ಬೆಲೆಗೆಂದು ಕಡಿಮೆ ಭಾಗಗಳಲ್ಲಿ ರೂಪಿಸಿದ್ದು. ಇವು ಜೋರಾಗಿ ಟಿಕ್‌ಟಿಕ್ ಎನ್ನುತ್ತವೆ. ಬೆಲೆ ಕಡಿಮೆ, ಆದರೆ ಚರಿತ್ರೆ ಕಡಿಮೆಯಲ್ಲ.

ಫಸಲಿ, ಹಿಜರಿ, ಇಸವಿ

ಈ ಸೀಮೆಯ ಊರುಗಳು 1948ರವರೆಗೆ ನಿಜಾಮ್ ರಾಜ್ಯದಲ್ಲಿದ್ದವು. ಆದ್ದರಿಂದ ಇನಾಮು, ಬೀಳ್ಕೊಡುಗೆಯ ಗಡಿಯಾರದ ಹಿಂಬದಿಯಲ್ಲಿ ಉರ್ದು ಬರಹದ ಜೊತೆ ನಾಲ್ಕಂಕಿಯ ವರ್ಷ ಇದ್ದರೆ ಅದು ಯಾವ ಶಕೆ ಎಂದು ಮೊದಲು ಕೇಳಬೇಕು. ಹೈದರಾಬಾದ್ ಸರ್ಕಾರದ ದಫ್ತರುಗಳು ಫಸಲಿ ವರ್ಷದಲ್ಲಿ ನಡೆಯುತ್ತಿದ್ದವು. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ: ಫಸಲಿ 1340 ಎಂದರೆ 1930–31. ಅದೇ 1340 ಹಿಜರಿಯಾಗಿದ್ದರೆ 1921–22. ಒಂದೇ ಅಂಕಿಗೆ ಒಂಬತ್ತು ವರ್ಷದ ಅಂತರ. ಯಂತ್ರದ ಕ್ರಮಸಂಖ್ಯೆ 1925ನ್ನು ತೋರಿಸಿದರೆ ಹಿಜರಿ ಬಿದ್ದುಹೋಗುತ್ತದೆ, ಏಕೆಂದರೆ ಹುಟ್ಟದ ಗಡಿಯಾರವನ್ನು ಯಾರೂ ಇನಾಮು ಕೊಡಲಾರರು.

ನಕಲಿ ಹಿಡಿಯುವುದು

ಸಂತೆ, ಗುಜರಿಗಳಲ್ಲಿ ಹೆಚ್ಚು ಕಾಣುವುದು ದಪ್ಪ ಹಿತ್ತಾಳೆ ಕವಚದ ಮೇಲೆ ಉಗಿಬಂಡಿಯ ಚಿತ್ರ, ‘ಲಂಡನ್’ ಎಂಬ ಬರಹ, ಜೊತೆಗೊಂದು ಹಳೆ ಇಸವಿ ಇರುವಂಥದ್ದು. ಒಳಗೆ ಈಚಿನ ಅಗ್ಗದ ಯಂತ್ರ ಅಥವಾ ಬ್ಯಾಟರಿ ಇರುತ್ತದೆ. ಇನ್ನೊಂದು ಬಗೆ ಅರ್ಧ ಅಸಲಿ: ಯಂತ್ರ ಹಳೆಯದು, ಡಯಲ್ ಹೊಸ ಬಣ್ಣದ್ದು. ಹಳೆ ಡಯಲ್ ಸಾಮಾನ್ಯವಾಗಿ ತಾಮ್ರದ ಮೇಲೆ ಸುಟ್ಟ ಬಿಳಿ ಎನಾಮೆಲ್. ಅದರಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆಯೇ ಹೊರತು ಬಣ್ಣ ಹೊಪ್ಪಳಿಕೆ ಏಳುವುದಿಲ್ಲ. ಬಿರುಕಿದ್ದರೆ ಬೆಲೆ ತುಸು ಇಳಿಯುತ್ತದೆ, ನಂಬಿಕೆ ಏರುತ್ತದೆ.

ಜೋಪಾನ

ಕಲ್ಲುಗಣಿ, ಸಿಮೆಂಟಿನ ಈ ಸೀಮೆಯಲ್ಲಿ ಗಡಿಯಾರದ ಮೊದಲ ವೈರಿ ಸುಣ್ಣಗಲ್ಲಿನ ಧೂಳು. ಅದು ಎಣ್ಣೆಯಲ್ಲಿ ಬೆರೆತರೆ ಅರದಂತೆ ತೇಯುತ್ತದೆ. ಆದ್ದರಿಂದ ಹಿಂಬದಿಯನ್ನು ಅಂಗಳದಲ್ಲಿ ತೆರೆಯಬಾರದು. ಎರಡನೇ ವೈರಿ ಕಾಲ ಕೆಳಗಿನ ಶಹಾಬಾದ್ ಫರಸಿ. ಬ್ಯಾಲನ್ಸ್ ಚಕ್ರದ ಅಚ್ಚಿನ ತುದಿ ಕೂದಲೆಳೆಗಿಂತ ತುಸುವೇ ದಪ್ಪ; ಆಘಾತ ತಡೆಯುವ ಏರ್ಪಾಡು 1930ರ ದಶಕದ ಹಿಂದಿನ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಇಲ್ಲ. ಒಮ್ಮೆ ಕಲ್ಲಿನ ಮೇಲೆ ಬಿದ್ದರೆ ಆ ತುದಿ ಮುರಿದಂತೆಯೇ. ನೋಡುವಾಗ ಕೆಳಗೆ ಮಡಿಸಿದ ಕೌದಿ ಇರಲಿ.

‘ಹೆಚ್ಚು ಚಾವಿ ಕೊಟ್ಟು ಕೆಟ್ಟಿತು’ ಎಂಬ ಮಾತು ಮನೆಮನೆಯಲ್ಲಿದೆ. ನಿಜವಾದ ಕಾರಣ ಒಣಗಿದ ಎಣ್ಣೆ: ಕಮಾನು ಪೂರ್ತಿ ಸುತ್ತಿಕೊಂಡಿದ್ದರೂ ಚಕ್ರಗಳನ್ನು ನೂಕಲಾಗದೆ ನಿಲ್ಲುತ್ತದೆ. ತೊಳೆದು ಹೊಸ ಎಣ್ಣೆ ಹಾಕಿಸಿದರೆ ಹಲವು ನಡೆಯುತ್ತವೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ. ಹುಣಸೆಹಣ್ಣು, ಪೌಡರಿನಿಂದ ಬೆಳ್ಳಿ ಉಜ್ಜಿದರೆ ವರ್ಷ ಹೇಳುವ ಮುದ್ರೆಯೇ ಅಳಿದುಹೋಗುತ್ತದೆ. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ರೇಡಿಯಂ ಬಳಿದ ಹಳೆ ಡಯಲ್‌ಗಳು ಈಗ ಹೊಳೆಯದಿದ್ದರೂ ವಿಕಿರಣ ಬಿಡುತ್ತಲೇ ಇರುತ್ತವೆ. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಅವನ್ನು ತೆರೆದು ಕೆರೆಯಬಾರದು.

ಕಾನೂನು ಮತ್ತು ಕಾಗದ

1972ರ ಪುರಾತನ ವಸ್ತುಗಳ ಕಾಯ್ದೆಯಡಿ 100 ವರ್ಷ ದಾಟಿದ ಕರಕುಶಲ ವಸ್ತು ಪುರಾತನವೆನಿಸಬಹುದು. ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ವಿದೇಶದ ಗಿರಾಕಿಗೆ ಮಾರುವ ಮುನ್ನ ಇದು ನೆನಪಿರಲಿ. ಗಡಿಯಾರಗಳ ಒಳ್ಳೆಯ ಸಂಗ್ರಹ ನೋಡಬೇಕೆಂದರೆ ಸೇಡಮ್ಮಿನಿಂದ ಅದೇ ನಿಜಾಮ್ ಮಾರ್ಗ ಹಿಡಿದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋಗಬಹುದು. ಬೆಂಗಳೂರಿನ ಎಚ್‌ಎಂಟಿ ಮ್ಯೂಸಿಯಂ ನಮ್ಮದೇ ನೆಲದ ಗಡಿಯಾರ ತಯಾರಿಕೆಯ ಕಥೆ ಹೇಳುತ್ತದೆ.

ಸಂಗ್ರಹಕಾರ ಗಡಿಯಾರದ ಜೊತೆಗೆ ಕೇಳಿ ಪಡೆಯಬೇಕಾದ ಇನ್ನೊಂದು ವಸ್ತುವಿದೆ: ಕಾಗದ. ಅಜ್ಜನ ನೌಕರಿ ಪುಸ್ತಕ, ಪೆನ್ಶನ್ ಪತ್ರ, ಸರಪಳಿ ತೊಟ್ಟು ನಿಂತ ಫೋಟೊ ಸಿಕ್ಕರೆ ಗಡಿಯಾರದ ಜೊತೆಗೇ ಇಡಬೇಕು. ಏನೂ ಇಲ್ಲದಿದ್ದರೆ ಮನೆಯ ಹಿರಿಯರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು, ಯಾರದು, ಯಾವ ನಿಲ್ದಾಣ, ಯಾವ ವರ್ಷ ಎಂದು ನಮೂದಿಸಿ, ಬರೆದ ತಾರೀಖು ಹಾಕಬೇಕು. ಮುದ್ರೆಗಳು ಗಡಿಯಾರ ಎಲ್ಲಿ ಹುಟ್ಟಿತೆಂದು ಹೇಳುತ್ತವೆ. ಅದು ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಯಾರ ಕಿಸೆಯಲ್ಲಿತ್ತು ಎಂಬುದನ್ನು ಹೇಳಬಲ್ಲದ್ದು ಆ ಚೀಟಿ ಮಾತ್ರ.