ಹೆಸರು ಬದಲಾವಣೆಯ ದಸ್ತೂರಿ

ಧಾರವಾಡದಿಂದ ಸವದತ್ತಿಯ ಹಾದಿ ಹಿಡಿದು ಹತ್ತು-ಹನ್ನೆರಡು ಕಿಲೋಮೀಟರ್ ಹೋದರೆ ಸಿಗುವ ಅಮ್ಮಿನಬಾವಿ ಎರೆಭೂಮಿಯ ದೊಡ್ಡ ಊರು, ಧಾರವಾಡ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಹಳೆಯ ಮೈಸೂರು ಸೀಮೆಯವರು ‘ಪಹಣಿ’ ಎಂದು ಕರೆಯುವ ಜಮೀನಿನ ಕಾಗದಕ್ಕೆ ಈ ಭಾಗದ ಒಕ್ಕಲಿಗರು ಇಂದಿಗೂ ‘ಉತಾರ’ ಎನ್ನುತ್ತಾರೆ. ಮರಾಠಿಯಿಂದ ಬಂದ ಈ ಮಾತಿಗೆ ಮೂಲ ದಫ್ತರದಿಂದ ಇಳಿಸಿಕೊಂಡದ್ದು, ಎಂದರೆ ನಕಲು, ಎಂದರ್ಥ. ಹೊಲ ರೈತನದಾದರೂ ಅದು ಅವನದೆಂದು ಹೇಳುವ ಮೂಲ ಬರಹ ಬೇರೊಬ್ಬರ ಕೈಯಲ್ಲಿರುತ್ತದೆ, ರೈತನ ಪಾಲಿಗೆ ಬರುವುದು ಅದರ ಪ್ರತಿ ಮಾತ್ರ ಎಂಬ ಸಂಗತಿಯನ್ನು ಈ ಪದ ತನ್ನೊಳಗೇ ಇಟ್ಟುಕೊಂಡಿದೆ. ಆ ಮೂಲ ಬರಹದಲ್ಲಿ ಒಬ್ಬನ ಹೆಸರು ಹೋಗಿ ಇನ್ನೊಬ್ಬನ ಹೆಸರು ಬರಬೇಕಾದಾಗ ಎಷ್ಟು ಹಣ ಕೊಡಬೇಕು, ಯಾರಿಗೆ ಕೊಡಬೇಕು, ಅದರಲ್ಲಿ ಎಷ್ಟು ರಸೀದಿಗೆ ಸೇರುತ್ತದೆ, ಎಷ್ಟು ಸೇರುವುದಿಲ್ಲ ಎಂಬುದಕ್ಕೆ ಈ ಸೀಮೆಯಲ್ಲಿ ಕನಿಷ್ಠ ಇನ್ನೂರು ವರ್ಷಗಳ ದಾಖಲಾದ ಚರಿತ್ರೆಯಿದೆ.

ಪೇಶ್ವೆಯ ಆಳ್ವಿಕೆಯ ಕಾಲದಲ್ಲಿ ಊರಿನ ಲೆಕ್ಕ ಕುಲಕರ್ಣಿಯ ಕೈಯಲ್ಲಿತ್ತು, ವಸೂಲಿಯ ಹೊಣೆ ಗೌಡನದಾಗಿತ್ತು, ಹಲವು ಊರುಗಳ ಪರಗಣೆಯ ಮೇಲೆ ದೇಸಾಯಿ ಮತ್ತು ದೇಶಪಾಂಡೆ ಇದ್ದರು. ಇವೆಲ್ಲವೂ ವತನಗಳು, ಅಂದರೆ ತಂದೆಯಿಂದ ಮಗನಿಗೆ ಬರುವ ಹುದ್ದೆಗಳು. ಹುದ್ದೆಯ ಜೊತೆಗೆ ಇನಾಮು ಭೂಮಿಯೂ ‘ಹಕ್ಕು’ ಎಂಬ ಹೆಸರಿನ ಪಾಲುಗಳೂ ಬರುತ್ತಿದ್ದವು. ವತನದಾರ ಸತ್ತು ಮಗನ ಹೆಸರು ಏರಬೇಕಾದರೆ ಸರಕಾರಕ್ಕೆ ‘ನಜರಾಣೆ’ ಸಲ್ಲಬೇಕಾಗಿತ್ತು. ಕಾಣಿಕೆ ಎಂಬ ಸೌಮ್ಯ ಅರ್ಥದ ಈ ಮಾತು ವಾಸ್ತವದಲ್ಲಿ ಹೆಸರು ಬದಲಾವಣೆಯ ಶುಲ್ಕವೇ ಆಗಿತ್ತು. ನಜರಾಣೆ ಬಹಿರಂಗದ ವಿಷಯವಾದರೆ, ಅದರ ಬೆನ್ನಿಗೆ ಬರುತ್ತಿದ್ದ ಇನ್ನೊಂದು ಬಾಬಿನ ಹೆಸರು ‘ಅಂತಸ್ಥ’, ಅಂದರೆ ಒಳಗಿನದು, ಗುಟ್ಟಿನದು. ಪೇಶ್ವೆಯಿಂದ ಗೆದ್ದ ಪ್ರದೇಶಗಳ ಬಗ್ಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಇದರ ವಿವರ ಬರುತ್ತದೆ. ಊರಿನ ಸಾದಿಲ್‌ವಾರು, ಅಂದರೆ ಚಿಲ್ಲರೆ, ಖರ್ಚಿನಲ್ಲಿ ದರಬಾರಿನ ಮಂತ್ರಿಗಳಿಗೂ ಲೆಕ್ಕ ತಪಾಸಣೆ ಮಾಡುವವರಿಗೂ ಗುಟ್ಟಾಗಿ ಕೊಡುತ್ತಿದ್ದ ಈ ಹಣ ಕ್ರಮೇಣ ರೂಢಿಯ ಶುಲ್ಕವಾಗಿ ನೆಲೆಗೊಂಡು ಉಳಿದ ಲೆಕ್ಕದಂತೆಯೇ ತಪಾಸಣೆಗೂ ಒಳಪಟ್ಟಿತು. ಆದರೆ ಲಂಚದ ಅಗತ್ಯ ಮುಗಿಯದ ಕಾರಣ ಅದಕ್ಕಾಗಿ ಮತ್ತೊಂದು ವಸೂಲಿ ಹುಟ್ಟಿತು, ಇಂಥ ನಾಜೂಕಿನ ಲೆಕ್ಕವನ್ನು ಯಾರೂ ಕೆದಕದ ಕಾರಣ ಗೌಡನೂ ತನ್ನ ಪಾಲನ್ನು ಅದರೊಳಗೆ ಸೇರಿಸಿಕೊಂಡ ಎಂಬುದು ಅವನು ಹೇಳುವ ಮಾತಿನ ಸಾರ. ಗುಟ್ಟಿನ ಶುಲ್ಕವನ್ನು ಬಯಲಿಗೆ ತಂದು ದರಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಗುಟ್ಟು ಮುಗಿಯುವುದಿಲ್ಲ, ಅದು ಪಕ್ಕದ ಮೆಟ್ಟಿಲಿಗೆ ಸರಿಯುತ್ತದೆ ಎಂಬ ಈ ಗ್ರಹಿಕೆಗೆ ಮುಂದಿನ ಎರಡು ಶತಮಾನಗಳ ದಾಖಲೆಗಳಲ್ಲಿ ಹೆಜ್ಜೆಹೆಜ್ಜೆಗೂ ಪುಷ್ಟಿ ಸಿಗುತ್ತದೆ.

ಬರಹದ ರೂಪವೂ ಗುಟ್ಟಿಗೆ ನೆರವಾಗುತ್ತಿತ್ತು. ಕನ್ನಡವನ್ನೇ ಆಡುವ ಊರುಗಳ ಲೆಕ್ಕವೂ ಈ ಭಾಗದಲ್ಲಿ ಬಹುಕಾಲ ಮರಾಠಿಯಲ್ಲಿ, ಅದೂ ಕೈ ಎತ್ತದೆ ಬರೆಯುವ ಮೋಡಿ ಲಿಪಿಯಲ್ಲಿ ಇರುತ್ತಿತ್ತಾದ್ದರಿಂದ, ತನ್ನ ಹೊಲದ ಮುಂದೆ ಏನು ಬರೆದಿದೆ ಎಂಬುದನ್ನು ತಿಳಿಯಲು ರೈತನು ಬರೆದವನನ್ನೇ ಕೇಳಬೇಕಾಗಿತ್ತು.

1817-18ರಲ್ಲಿ ಧಾರವಾಡ ಕಂಪನಿ ಸರಕಾರದ ವಶವಾಯಿತು. 1840ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟನ ನೇತೃತ್ವದಲ್ಲಿ ಮೋಜಣಿ, ಅಂದರೆ ಅಳತೆಯ ಕೆಲಸ, ಜಿಲ್ಲೆಯ ತಾಲ್ಲೂಕುಗಳಲ್ಲಿ ನಡೆದು ಪ್ರತಿ ಹೊಲಕ್ಕೆ ಸರ್ವೆ ನಂಬರು, ಪ್ರತಿ ನಂಬರಿಗೆ ಆಕಾರ ಅಂದರೆ ಕಂದಾಯದ ಮೊತ್ತ, ಆ ಮೊತ್ತ ಕಟ್ಟುವವನ ಹೆಸರಿನಲ್ಲಿ ಖಾತೆ ಎಂಬ ವ್ಯವಸ್ಥೆ ಬಂತು. ಖಾತೆ ಒಬ್ಬನಿಂದ ಇನ್ನೊಬ್ಬನಿಗೆ ಹೋಗಲು ಎರಡು ಕಾಗದ ಬೇಕಾಗಿದ್ದವು: ಬಿಟ್ಟುಕೊಡುವವನು ‘ರಾಜೀನಾಮೆ’ ಬರೆದುಕೊಡಬೇಕು, ಪಡೆಯುವವನು ಕಂದಾಯದ ಹೊಣೆ ಒಪ್ಪಿ ‘ಕಬೂಲಾಯತ್’ ಬರೆದುಕೊಡಬೇಕು. ರಾಜೀನಾಮೆ ಎಂಬ ಮಾತು ಇಂದು ನೌಕರಿ ಬಿಡುವುದಕ್ಕಷ್ಟೇ ಉಳಿದಿದೆಯಾದರೂ ಈ ಸೀಮೆಯಲ್ಲಿ ಅದು ಮೊದಲು ಹೊಲ ಬಿಡುವ ಕಾಗದವಾಗಿತ್ತು. ಹಳಬನ ಬಿಡುಗಡೆ ಮತ್ತು ಹೊಸಬನ ಒಪ್ಪಿಗೆ ಎರಡೂ ಕೂಡಿದರೆ ಮಾತ್ರ ವರ್ಗಾವಣೆ ಎಂಬ ಈ ಜೋಡಿ ನಿಯಮ ನ್ಯಾಯವಾಗಿಯೇ ಇತ್ತು. ತೊಡಕಿದ್ದದ್ದು ಎರಡು ಕಾಗದಗಳ ನಡುವೆ ಕೂತ ಕುಲಕರ್ಣಿಯಲ್ಲಿ. ವಿಂಗೇಟನ ಏರ್ಪಾಡಿನಲ್ಲಿ ಊರ ವಸೂಲಿಗೆ ತಕ್ಕಂತೆ ಗೌಡ-ಕುಲಕರ್ಣಿಯರಿಗೆ ‘ಪೋಟಗಿ’ ಎಂಬ ಗೊತ್ತಾದ ಸಂಭಾವನೆ ಸಿಗುತ್ತಿದ್ದರೂ, ಬರೆಯುವವನು ಒಬ್ಬನೇ ಆಗಿದ್ದಷ್ಟು ಕಾಲ ಯಾವ ದಿನ ಬರೆಯಬೇಕು ಎಂಬುದು ಅವನ ಮರ್ಜಿಯೇ ಆಗಿತ್ತು, ಆ ಮರ್ಜಿಗೆ ಬೆಲೆಯೂ ಇತ್ತು.

ಖಾತೆಯಲ್ಲಿ ಇನ್ನೊಂದು ಕೊರತೆಯಿತ್ತು. ಅದು ಕಂದಾಯ ಕಟ್ಟುವವನು ಯಾರು ಎಂದು ಹೇಳುತ್ತಿತ್ತೇ ಹೊರತು ಹೊಲದ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂಬುದನ್ನು ಹೇಳುತ್ತಿರಲಿಲ್ಲ. ಅಣ್ಣನ ಹೆಸರಿನ ಖಾತೆಯಲ್ಲಿ ತಮ್ಮಂದಿರು ಉಳುತ್ತಿದ್ದರು. ಸಾಲಗಾರನ ಹೆಸರು ಹಾಗೆಯೇ ಇದ್ದು ಹೊಲದ ಪೀಕು ಸಾವುಕಾರನ ಮನೆ ಸೇರುತ್ತಿತ್ತು. ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ 1875ರಲ್ಲಿ ಸಾವುಕಾರರ ವಿರುದ್ಧ ರೈತರು ದಂಗೆಯೆದ್ದ ಮೇಲೆ ಮುಂಬಯಿ ಸರಕಾರಕ್ಕೆ ಈ ಕುರುಡುತನ ಹೊರೆಯಾಗಿ ಕಾಣತೊಡಗಿತು. 1903ರಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂತು, 1913ರಲ್ಲಿ ಅದನ್ನು 1879ರ ಮುಂಬಯಿ ಭೂಕಂದಾಯ ಸಂಹಿತೆಯೊಳಗೆ ಸೇರಿಸಲಾಯಿತು. ಹಕ್ಕು ಪಡೆದವನು ಮೂರು ತಿಂಗಳೊಳಗೆ ಊರಿನ ಲೆಕ್ಕಿಗನಿಗೆ ‘ವರ್ದಿ’ ಕೊಡಬೇಕು, ವರ್ದಿ ತಲುಪಿದ್ದಕ್ಕೆ ಲಿಖಿತ ಪೋಚು ಪಡೆಯಬೇಕು, ಲೆಕ್ಕಿಗನು ಅದನ್ನು ಬದಲಾವಣೆಯ ವಹಿಯಲ್ಲಿ ಬರೆದು ಚಾವಡಿಯಲ್ಲಿ ನೋಟೀಸು ಹಚ್ಚಬೇಕು, ತಕರಾರು ಬಂದರೆ ಬೇರೊಂದು ವಹಿಗೆ ಹಾಕಬೇಕು, ಬರದಿದ್ದರೆ ಮೇಲಧಿಕಾರಿ ಪರೀಕ್ಷಿಸಿ ಪ್ರಮಾಣೀಕರಿಸಬೇಕು ಎಂಬ ಕ್ರಮ ಆಗ ರೂಪುಗೊಂಡಿತು. ಸ್ವಾತಂತ್ರ್ಯಾನಂತರದ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128 ಮತ್ತು 129ನೆಯ ಕಲಮುಗಳು ಇದೇ ಕ್ರಮವನ್ನು ಬಹುಮಟ್ಟಿಗೆ ಉಳಿಸಿಕೊಂಡಿವೆ. ಪೋಚು ಕೊಡಬೇಕೆಂಬ ಆ ಸಣ್ಣ ನಿಯಮವೇ ಇಡೀ ಕಾಯ್ದೆಯ ಅತ್ಯಂತ ಜಾಣ ಭಾಗವೆನ್ನಬೇಕು. ವರ್ದಿ ಬಂದೇ ಇಲ್ಲ ಎನ್ನುವ ದಾರಿಯನ್ನು ಅದು ಮುಚ್ಚಿತು. ಪೋಚನ್ನು ಕೇಳಿ ಪಡೆಯುವಷ್ಟು ಓದಿದವರು ಊರಲ್ಲಿ ಎಷ್ಟು ಜನರಿದ್ದರು ಎಂಬುದು ಬೇರೆ ಮಾತು.

ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಮುಂಬಯಿ ಪ್ರಾಂತವು 1950ರ ಕಾಯ್ದೆಯಿಂದ ರದ್ದುಪಡಿಸಿತು. ವತನದಾರನ ಜಾಗದಲ್ಲಿ ಸಂಬಳದ ತಲಾಟಿ ಕೂತನು. ಸರಕಾರಿ ಕಡತಗಳಲ್ಲಿ ಈ ಹುದ್ದೆ ಮುಂದೆ ಗ್ರಾಮಲೆಕ್ಕಿಗ, ಇತ್ತೀಚೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು ಬದಲಿಸಿಕೊಂಡರೂ ಧಾರವಾಡ ಸೀಮೆಯ ಬಾಯಲ್ಲಿ ತಲಾಟಿ ತಲಾಟಿಯಾಗಿಯೇ ಉಳಿದಿದ್ದಾನೆ. ನಜರಾಣೆ ಹೋಯಿತು, ಅದರ ಜಾಗದಲ್ಲಿ ‘ಚಹಾದ ರೊಕ್ಕ’ ಎಂಬ ಹೆಸರು ಬಂತು.

ಇದೇ ಕಥೆ ಮತ್ತೊಂದು ವಹಿಯಲ್ಲಿ, ಹೊಲವೇ ಇಲ್ಲದ ಕಡೆ, ಇಪ್ಪತ್ತನೆಯ ಶತಮಾನದ ಕೊನೆಗೆ ಮರುಕಳಿಸಿತು. ಅಂತರ್ಜಾಲದಲ್ಲಿ ಒಂದು ತಾಣವನ್ನು ಗುರುತಿಸುವ ವಿಳಾಸಕ್ಕೆ ಡೊಮೈನ್ ಹೆಸರು ಎನ್ನುತ್ತಾರೆ. ಅದನ್ನು ಯಾರೂ ಕೊಳ್ಳುವುದಿಲ್ಲ. ವರ್ಷಗಳ ಲೆಕ್ಕದಲ್ಲಿ ಗೇಣಿಗೆ ಹಿಡಿಯುತ್ತಾರೆ. ಮೂಲ ವಹಿ ಇಟ್ಟುಕೊಂಡ ಸಂಸ್ಥೆಗೆ ರಿಜಿಸ್ಟ್ರಿ ಎಂದೂ, ಗಿರಾಕಿಯಿಂದ ಹಣ ಪಡೆದು ಆ ವಹಿಯಲ್ಲಿ ಹೆಸರು ಬರೆಸಿಕೊಡುವ ವ್ಯಾಪಾರಿಗೆ ರಿಜಿಸ್ಟ್ರಾರ್ ಎಂದೂ ಹೆಸರು. ಅಮೆರಿಕದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಈ ಎರಡೂ ಕೆಲಸವನ್ನು ಒಂದೇ ಕೈಯಲ್ಲಿ ಮಾಡುತ್ತಿದ್ದಾಗ, 1995ರ ಸೆಪ್ಟೆಂಬರಿನವರೆಗೆ ಪುಕ್ಕಟೆಯಾಗಿದ್ದ ನೋಂದಣಿಗೆ ಎರಡು ವರ್ಷಕ್ಕೆ 100 ಡಾಲರ್ ದರ ಇಡಲಾಯಿತು. ಅದರಲ್ಲಿ 30 ಡಾಲರ್ ಅಂತರ್ಜಾಲದ ಮೂಲಸೌಕರ್ಯದ ನಿಧಿಗೆ ಹೋಗುತ್ತಿತ್ತು. ಶಾಸನಸಭೆಯ ಒಪ್ಪಿಗೆಯಿಲ್ಲದ ಈ ವಸೂಲಿ ಅನಧಿಕೃತ ತೆರಿಗೆ ಎಂದು ನ್ಯಾಯಾಲಯ 1998ರಲ್ಲಿ ಹೇಳಿತು, ಬಳಿಕ ಅಮೆರಿಕದ ಸಂಸತ್ತು ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಅಂತಸ್ಥವು ರೂಢಿಯ ಶುಲ್ಕವಾಗಿ ಲೆಕ್ಕಕ್ಕೆ ಏರಿದ ಬಗೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ.

1998ರಲ್ಲಿ ಐಕ್ಯಾನ್ ಎಂಬ ಮೇಲ್ವಿಚಾರಣೆಯ ಸಂಸ್ಥೆ ಹುಟ್ಟಿ, ಮರುವರ್ಷ ಬೇರೆ ರಿಜಿಸ್ಟ್ರಾರರಿಗೂ ಬಾಗಿಲು ತೆರೆದ ಮೇಲೆ, ಒಬ್ಬ ವ್ಯಾಪಾರಿಯಿಂದ ಇನ್ನೊಬ್ಬನಿಗೆ ಹೆಸರನ್ನು ಸಾಗಿಸುವ ಪ್ರಶ್ನೆ ಎದ್ದಿತು. ಪೈಪೋಟಿ ಬಂದರೆ ಬೆಲೆ ಇಳಿಯುತ್ತದೆ ಎಂಬ ನಿರೀಕ್ಷೆ ನಿಜವಾಯಿತು; ಆದರೆ ಇಳಿದದ್ದು ಫಲಕದ ಮೇಲಿನ ಬೆಲೆ. 2003ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಡೊಮೈನ್ ರಿಜಿಸ್ಟ್ರಿ ಆಫ್ ಅಮೆರಿಕ ಎಂಬ ಸಂಸ್ಥೆಯ ಮೇಲೆ ಹೊರಿಸಿದ ಆರೋಪದಲ್ಲಿ ಎರಡು ಅಂಶಗಳಿದ್ದವು: ನವೀಕರಣದ ನೋಟೀಸಿನಂತೆ ಕಾಣುವ ಪತ್ರ ಕಳಿಸಿ ವಾಸ್ತವದಲ್ಲಿ ಗಿರಾಕಿಯ ಹೆಸರನ್ನು ತನ್ನ ಕಡೆಗೆ ವರ್ಗಾಯಿಸಿಕೊಳ್ಳುವುದು ಒಂದು, ವರ್ಗಾವಣೆ ಪೂರ್ಣವಾಗದಿದ್ದರೂ ಮೊದಲೇ ತಿಳಿಸದ ಸಂಸ್ಕರಣಾ ಶುಲ್ಕ ಮುರಿದುಕೊಳ್ಳುವುದು ಇನ್ನೊಂದು. 2004ರ ನವೆಂಬರಿನಲ್ಲಿ ಐಕ್ಯಾನ್ ಜಾರಿಗೊಳಿಸಿದ ವರ್ಗಾವಣೆಯ ನೀತಿಯು ರಾಜೀನಾಮೆ-ಕಬೂಲಾಯತ್ತಿನ ಜೋಡಿ ನಿಯಮವನ್ನೇ ಹೋಲುತ್ತದೆ. ಹಳೆಯ ವ್ಯಾಪಾರಿ ಕೊಡುವ ಗುಟ್ಟಿನ ಸಂಕೇತಾಕ್ಷರ ಬಿಡುಗಡೆಯ ಕಾಗದವಿದ್ದಂತೆ, ಅದನ್ನು ಹೊಸ ವ್ಯಾಪಾರಿಯ ಮುಂದಿಡುವುದು ಒಪ್ಪಿಗೆಯ ಕಾಗದವಿದ್ದಂತೆ. ಹಳಬನು ಐದು ದಿನ ಮೌನವಾಗಿದ್ದರೆ ಒಪ್ಪಿದನೆಂದೇ ಅರ್ಥ. ಮುಂದಿನ ಅವಧಿಯ ಹಣ ಕೊಟ್ಟಿಲ್ಲವೆಂಬ ನೆಪದಿಂದ ಹೆಸರನ್ನು ತಡೆಹಿಡಿಯುವಂತಿಲ್ಲ. ಚಾವಡಿಯ ನೋಟೀಸಿನ ಅವಧಿಗಿಂತ ಇದು ಎಷ್ಟೋ ಚುರುಕು.

ಹಾಗಿದ್ದೂ ಶುಲ್ಕ ಪಕ್ಕದ ಮೆಟ್ಟಿಲಿಗೆ ಸರಿಯಿತು. ಮೊದಲ ವರ್ಷಕ್ಕೆ ಅತ್ಯಲ್ಪ ಬೆಲೆ, ನವೀಕರಣಕ್ಕೆ ಅದರ ಹಲವು ಪಟ್ಟು. ‘ಡಾಟ್ ಕಾಮ್’ ಬಗೆಯ ಹೆಸರುಗಳಲ್ಲಿ ವರ್ಗಾವಣೆಯ ಜೊತೆಗೇ ಒಂದು ವರ್ಷದ ಅವಧಿ ಸೇರುವುದರಿಂದ, ವರ್ಗಾವಣೆಯ ಶುಲ್ಕ ಎಂದು ತೋರುವುದು ಮುಂದಿನ ವರ್ಷದ ಗೇಣಿಯೇ ಆಗಿರುತ್ತದೆ. ಮಾಲೀಕನ ವಿಳಾಸ ಮರೆಮಾಚಲು ಕೆಲವೆಡೆ ಬೇರೆ ಹಣ. ಅವಧಿ ಮೀರಿದ ಹೆಸರನ್ನು ಬಿಡಿಸಿಕೊಳ್ಳಲು ಮೂಲ ಬೆಲೆಯನ್ನು ಎಷ್ಟೋ ಮೀರುವ ದಂಡ. ಹೊಸದಾಗಿ ನೋಂದಾಯಿಸಿದ ಹೆಸರನ್ನು 60 ದಿನ ಸಾಗಿಸದಂತೆ ತಡೆ. ಭಾರತದ ‘ಡಾಟ್ ಇನ್’ 2005ರಲ್ಲಿ ನಿಕ್ಸಿ ಸಂಸ್ಥೆಯ ಮೂಲಕ ಸಾರ್ವಜನಿಕರಿಗೆ ತೆರೆದ ಮೇಲೆ ಹುಬ್ಬಳ್ಳಿ-ಧಾರವಾಡದ ಅಂಗಡಿ, ಮಠ, ಸಹಕಾರಿ ಸಂಘಗಳೂ ಈ ವಹಿಯೊಳಗೆ ಬಂದವು. ಕನ್ನಡ ಲಿಪಿಯ ‘.ಭಾರತ’ ಕೂಡ ಈಗ ಇದೆ. ತಾಣವನ್ನು ಕಟ್ಟಿಕೊಟ್ಟವನೇ ಹೆಸರನ್ನು ತನ್ನ ಖಾತೆಯಲ್ಲಿ ಬರೆಸಿಕೊಂಡಿದ್ದರೆ ಸಂಕೇತಾಕ್ಷರವೂ ಅವನ ಬಳಿಯೇ ಇರುತ್ತದೆ; ಅಂಥ ಗಿರಾಕಿ ಹೊಸ ಕಾಲದ ಕುಲಕರ್ಣಿಯ ಮುಂದೆ ಕೂತ ರೈತನೇ ಸರಿ.

ಉತಾರದ ವಹಿ ಗಣಕಕ್ಕೆ ಏರಿದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ. ‘ಭೂಮಿ’ ಎಂಬ ಯೋಜನೆಯು ರಾಜ್ಯದ ಸುಮಾರು ಎರಡು ಕೋಟಿ ದಾಖಲೆಗಳನ್ನು ತಲಾಟಿಯ ಬಗಲಿನಿಂದ ತೆಗೆದು ತಾಲ್ಲೂಕು ಕಚೇರಿಯ ಗಣಕಕ್ಕೆ ಸೇರಿಸಿತು. ಉತಾರಕ್ಕೆ 15 ರೂಪಾಯಿ ದರ ಗೊತ್ತಾಯಿತು, ಹೆಸರು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಸಾಗುವಂತೆ ಯಂತ್ರಕ್ಕೆ ಹೇಳಿಕೊಡಲಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಸಮೀಕ್ಷೆಯಲ್ಲಿ ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ಶೇಕಡಾ 66, ಭೂಮಿಯ ಕೇಂದ್ರಗಳಲ್ಲಿ ಕೊಟ್ಟೆವೆಂದವರು ಶೇಕಡಾ 3. ಇದು ಸಣ್ಣ ಸಾಧನೆಯಲ್ಲ, ಇದನ್ನು ಹಗುರ ಮಾಡುವವರು ಚಾವಡಿಯ ಕಟ್ಟೆಯ ಮೇಲೆ ದಿನ ಕಳೆದವರಲ್ಲ. ಆದರೆ ಅಳೆದದ್ದು ಮುಖ್ಯವಾಗಿ ಉತಾರ ಸಿಗುವ ಕಿಟಕಿಯನ್ನು. ಹೆಸರು ಬದಲಾವಣೆಗೆ ಬೇಕಾಗುವ ಕಾಗದಗಳು ಆ ಕಿಟಕಿಯ ಹಿಂದಿನ ಹತ್ತು ಬಾಗಿಲುಗಳಲ್ಲಿ ಹಂಚಿಹೋಗಿದ್ದವು. ವಾರಸಾ, ಅಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಏರಿಸಲು ಮರಣದಾಖಲೆ ಮತ್ತು ವಂಶಾವಳಿ. ಹೊಲದ ಒಂದು ತುಂಡನ್ನು ಮಾರಲು ಅಳತೆಗಾರನಿಂದ 11ಇ ನಕ್ಷೆ. ತುಂಡಿಗೆ ಸ್ವತಂತ್ರ ನಂಬರು ಬೇಕಾದರೆ ಪೋಡಿ. ಸಾಲ ತೀರಿದ ಮೇಲೂ ಉತಾರದಲ್ಲಿ ಉಳಿದ ಬೋಜಾ ಇಳಿಸಲು ಬ್ಯಾಂಕಿನ ಪತ್ರ. ಪ್ರತಿ ಬಾಗಿಲಿಗೂ ಕಾಯ್ದೆಯ ದರವಿದೆ, ಅದು ದೊಡ್ಡದಲ್ಲ. ದೊಡ್ಡದು ಕೂಲಿ ಬಿಟ್ಟು ಧಾರವಾಡಕ್ಕೆ ಹೋಗಿಬರುವ ದಿನಗಳ ಬೆಲೆ, ಮತ್ತು ಆ ದಿನಗಳನ್ನು ಉಳಿಸಿಕೊಡುತ್ತೇನೆನ್ನುವ ದಲಾಲನ ಬೆಲೆ. 2012ರಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಗೊತ್ತುಪಡಿಸಿ, ಕಾಯುವಿಕೆಗೂ ಬೆಲೆಯುಂಟೆಂದು ಸರಕಾರವೇ ಬರೆದುಕೊಟ್ಟಂತಾಯಿತು. ದಿನದ ಕೂಲಿಯ ಪಕ್ಕದಲ್ಲಿಟ್ಟರೆ ಆ ಮೊತ್ತ ಏನೂ ಅಲ್ಲ.

ಈ ಲೆಕ್ಕವನ್ನು ಮೊದಲೇ ಹಾಕಿದ ಮನೆಗಳು ಹೆಸರು ಬದಲಿಸುವ ಗೋಜಿಗೇ ಹೋಗಲಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ವಾಟ್ನಿ, ಅಂದರೆ ಪಾಲು, ಮಾಡಿಕೊಂಡು, ಬದುವಿಗೆ ಕಲ್ಲು ನೆಟ್ಟು, ತಮ್ಮ ತಮ್ಮ ಪಾಲು ಬಿತ್ತುತ್ತ ಬಂದರು. ರಾಜ್ಯದಲ್ಲಿ ಸತ್ತವರ ಹೆಸರಿನಲ್ಲೇ ಉಳಿದ ಉತಾರಗಳು ಲಕ್ಷಗಟ್ಟಲೆ ಇವೆಯೆಂದು ಕಂದಾಯ ಇಲಾಖೆಯೇ ಗುರುತಿಸಿ 2025ರಲ್ಲಿ ‘ಇ-ಪೌತಿ’ ಎಂಬ ಆಂದೋಲನ ಆರಂಭಿಸಿದೆ. ಪೌತಿ ಎಂದರೆ ಮರಣ. ಈ ಬಾರಿ ರೈತನು ಬರುವುದನ್ನು ಕಾಯದೆ ತಲಾಟಿಯೇ ಮನೆ ಬಾಗಿಲಿಗೆ ಹೋಗಿ ಹೆಸರು ಬರೆದುಕೊಳ್ಳಬೇಕೆಂಬುದು ಅದರ ಉದ್ದೇಶ.